ದೊಡ್ಡ ಊರಲ್ಲಿ ದೊಡ್ಡ ಹೋಟೆಲ್: ಯಾವ ಚೈನ್ ಆರಿಸಬೇಕು?

ರಾತ್ರಿ ಒಂದೂವರೆ ಗಂಟೆ. ಹಾಸಿಗೆ ಮೆತ್ತಗಿದೆ, ದಿಂಬು ನಾಲ್ಕು ಥರದವು ಇವೆ, ಬಾತ್‌ರೂಮಿನ ಗೋಡೆ ಪೂರ್ತಿ ಅಮೃತಶಿಲೆ. ಆದರೆ ಪಕ್ಕದ ರೂಮಿನವರು ಫೋನಿನಲ್ಲಿ ಆಡುವ ಮಾತು ಒಂದೂ ಬಿಡದೆ ಕಿವಿಗೆ ಬೀಳುತ್ತಿದೆ. ಲೈಟ್ ಹಾಕದೆ ಎದ್ದು ನೋಡಿದೆ. ಅವರ ರೂಮಿಗೂ ನನ್ನ ರೂಮಿಗೂ ನಡುವೆ ಒಂದು ಬಾಗಿಲು. ಅದರ ಕೆಳಗೆ ಬೆರಳು ತೂರುವಷ್ಟು ಸಂದು, ಆ ಸಂದಿನಿಂದ ಅವರ ಕಡೆಯ ಬೆಳಕು ನನ್ನ ಕಾರ್ಪೆಟ್ ಮೇಲೆ ಗೆರೆ ಎಳೆದ ಹಾಗೆ ಬಿದ್ದಿತ್ತು. ಟವೆಲ್ ಸುರುಳಿ ಸುತ್ತಿ ಅಲ್ಲಿಗೆ ಒತ್ತಿದೆ. ಬೆಳಕು ನಿಂತಿತು, ಮಾತು ನಿಲ್ಲಲಿಲ್ಲ. ಬೆಳಿಗ್ಗೆ ಐದಕ್ಕೆ ಅವರ ಅಲಾರಂ ಹೊಡೆದಾಗ ನಾನೂ ಎದ್ದು ಕೂತೆ.

ಆ ಹೋಟೆಲ್ ಒಂದು ಹೆಸರಾಂತ ಚೈನಿನದು. ಹೆಸರು ಹೇಳುವುದಿಲ್ಲ, ಯಾಕೆಂದರೆ ಅದೇ ಚೈನಿನ ಇನ್ನೊಂದು ಹೋಟೆಲಿನಲ್ಲಿ ನಾನು ಮೈಮರೆತು ನಿದ್ದೆ ಮಾಡಿದ್ದೇನೆ. ನಾನು ಇವತ್ತು ಬರೆಯಬೇಕೆಂದಿರುವುದು ಇದನ್ನೇ. ಕೆಲಸದ ಮೇಲೆ ತುಂಬಾ ಓಡಾಡುತ್ತೇನೆ, ವರ್ಷಕ್ಕೆ ಒಂದೆರಡು ಸಲ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. "ಯಾವ ಚೈನ್ ಒಳ್ಳೇದು?" ಅಂತ ಗೆಳೆಯರು ಕೇಳುತ್ತಲೇ ಇರುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇದೆ, ಆದರೆ ಅದು ಒಂದು ಹೆಸರಿನಲ್ಲಿ ಮುಗಿಯುವುದಿಲ್ಲ. ಚೈನಿನ ಹೆಸರು ಅರ್ಧ ಮಾತ್ರ ಹೇಳುತ್ತದೆ. ಉಳಿದ ಅರ್ಧ ಆ ಕಟ್ಟಡದಲ್ಲಿ, ಆ ರೂಮಿನಲ್ಲಿ ಇರುತ್ತದೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಬಾಗಿಲ ಮೇಲೆ ಇರುವ ಹೆಸರಿನ ಕಂಪನಿ ಆ ಕಟ್ಟಡದ ಮಾಲೀಕ ಆಗಿರುವುದು ಅಪರೂಪ. ಮ್ಯಾರಿಯಟ್, ಹಿಲ್ಟನ್, ಐಎಚ್‌ಜಿ (ಇಂಟರ್‌ಕಾಂಟಿನೆಂಟಲ್ ಹೋಟೆಲ್‌ಗಳ ಕಂಪನಿ) ಇಂಥ ಕಂಪನಿಗಳು ಬಹುಪಾಲು ಹೋಟೆಲ್‌ಗಳನ್ನು ಬೇರೆಯವರ ಪರವಾಗಿ ನಡೆಸುತ್ತವೆ, ಇಲ್ಲವೇ ತಮ್ಮ ಹೆಸರು, ಬುಕಿಂಗ್ ವ್ಯವಸ್ಥೆ, ಪಾಯಿಂಟ್ಸ್ (ಉಳಿದಷ್ಟೂ ಸದಸ್ಯರ ಲೆಕ್ಕಕ್ಕೆ ಸೇರುವ ಅಂಕಗಳು) ಎಲ್ಲ ಕೊಟ್ಟು ಅದಕ್ಕೆ ಫೀ ತೆಗೆದುಕೊಳ್ಳುತ್ತವೆ. ಕಟ್ಟಡಕ್ಕೆ ದುಡ್ಡು ಹಾಕುವವನು ಬೇರೆ ಮನುಷ್ಯ. ಕಾರ್ಪೆಟ್ ಬದಲಿಸಬೇಕೋ, ಏಸಿ ಹೊಸದು ಹಾಕಬೇಕೋ, ಆ ಕನೆಕ್ಟಿಂಗ್ ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆಸಬೇಕೋ, ಖರ್ಚು ಅವನದು. ಅವನ ಕೈ ಬಿಗಿಯಾಗಿದ್ದರೆ ಎಷ್ಟು ದೊಡ್ಡ ಬೋರ್ಡ್ ಇದ್ದರೂ ರೂಮು ಹಳೆಯದಾಗುತ್ತಾ ಹೋಗುತ್ತದೆ. ಹಾಗಾಗಿ ಒಂದೇ ಊರಿನಲ್ಲಿ ಒಂದೇ ಹೆಸರಿನ ಎರಡು ಹೋಟೆಲ್ ಇದ್ದರೆ ಎರಡೂ ಒಂದೇ ಥರ ಇರುತ್ತವೆ ಅಂತ ನಂಬಬೇಡಿ. ನಾನು ಬುಕ್ ಮಾಡುವ ಮುಂಚೆ ಕೇಳುವ ಮೊದಲ ಪ್ರಶ್ನೆ: ರೂಮುಗಳನ್ನು ಕೊನೆಯ ಸಲ ಯಾವ ವರ್ಷ ಹೊಸದು ಮಾಡಿದ್ದು? ಲಾಬಿ ಯಾವಾಗ ಮಾಡಿದ್ದು ಅಂತಲ್ಲ. ಲಾಬಿಯನ್ನು ಎಲ್ಲರೂ ಬೇಗ ಹೊಸದು ಮಾಡುತ್ತಾರೆ, ಫೋಟೋದಲ್ಲಿ ಕಾಣುವುದು ಅದೇ ತಾನೇ.

ಇನ್ನೊಂದು ಗೊಂದಲ ಹೆಸರುಗಳದು. 2016ರಲ್ಲಿ ಮ್ಯಾರಿಯಟ್ ಕಂಪನಿ ಸ್ಟಾರ್‌ವುಡ್ ಅನ್ನುವ ಇನ್ನೊಂದು ಹೋಟೆಲ್ ಕಂಪನಿಯನ್ನು ಕೊಂಡಿತು. ಆಗಿನಿಂದ ರಿಟ್ಜ್-ಕಾರ್ಲ್ಟನ್, ಸೇಂಟ್ ರೀಜಿಸ್, ಜೆಡಬ್ಲ್ಯು ಮ್ಯಾರಿಯಟ್, ಡಬ್ಲ್ಯು, ವೆಸ್ಟಿನ್, ಶೆರಟನ್, ಲೆ ಮೆರಿಡಿಯನ್ ಎಲ್ಲ ಒಂದೇ ಮನೆಯ ಮಕ್ಕಳು. ಅದೇ 2016ರಲ್ಲಿ ಅಕೋರ್ ಕಂಪನಿ ಫೇರ್‌ಮಾಂಟ್, ರಾಫಲ್ಸ್ ಕೊಂಡಿತು. ಹಿಲ್ಟನ್ ಕೈಯಲ್ಲಿ ವಾಲ್ಡಾರ್ಫ್ ಅಸ್ಟೋರಿಯಾ, ಕಾನ್ರಾಡ್. ಹಯಾಟ್ ಕೈಯಲ್ಲಿ ಪಾರ್ಕ್ ಹಯಾಟ್, ಗ್ರ್ಯಾಂಡ್ ಹಯಾಟ್, ಅಂದಾಜ್. ದೊಡ್ಡ ನಗರದಲ್ಲಿ ಹತ್ತು ಹೋಟೆಲ್ ಪಟ್ಟಿ ಮುಂದೆ ಇಟ್ಟುಕೊಂಡು ಕೂತರೆ ಅದರಲ್ಲಿ ನಾಲ್ಕೈದು ಒಂದೇ ಕಂಪನಿಯವು ಇರಬಹುದು. ನೀವು ಎರಡು ಚೈನ್ ಹೋಲಿಸುತ್ತಿದ್ದೇನೆ ಅಂದುಕೊಂಡಿರುತ್ತೀರಿ, ನಿಜದಲ್ಲಿ ಒಂದೇ ಅಂಗಡಿಯ ಎರಡು ಕಪಾಟು ನೋಡುತ್ತಿರುತ್ತೀರಿ.

ಹಾಗಂತ ಚೈನ್‌ಗಳಿಗೆ ಅವುಗಳದೇ ಸ್ವಭಾವ ಇಲ್ಲ ಅನ್ನಲಾರೆ. ಖಂಡಿತ ಇದೆ. ನನಗೆ ಕಂಡಿದ್ದನ್ನು ಹೇಳುತ್ತೇನೆ.

ಫೋರ್ ಸೀಸನ್ಸ್ 1961ರಲ್ಲಿ ಟೊರಾಂಟೊದಲ್ಲಿ ಶುರುವಾಗಿದ್ದು. ಅವರಲ್ಲಿ ಪಾಯಿಂಟ್ಸ್ ಲೆಕ್ಕವೇ ಇಲ್ಲ. ಐವತ್ತು ರಾತ್ರಿ ಉಳಿದವರಿಗೆ ಒಂದು ಕಾರ್ಡು, ಎಪ್ಪತ್ತೈದಕ್ಕೆ ಇನ್ನೊಂದು ಅನ್ನುವ ಮೆಟ್ಟಿಲುಗಳಿಲ್ಲ. ಇದು ಮೊದಲ ಸಲ ಹೋಗುವವರಿಗೆ ತುಂಬಾ ಒಳ್ಳೆಯದು, ಯಾಕೆಂದರೆ ಬಾಗಿಲಲ್ಲಿ ನಿಮ್ಮನ್ನು ಯಾವ ಮೆಟ್ಟಿಲಿನವರು ಅಂತ ಅಳೆಯುವುದಿಲ್ಲ. ನಾನು ಮೊದಲ ಸಲ ಹೋದಾಗ ರಿಸೆಪ್ಷನ್‌ನಲ್ಲಿ ಒಂದು ಸಲ ಹೆಸರು ಹೇಳಿದ್ದಷ್ಟೇ. ಆಮೇಲೆ ಲಿಫ್ಟ್ ಹತ್ತಿರ ನಿಂತವರು, ಸಂಜೆ ರೂಮ್ ಸರ್ವಿಸ್‌ಗೆ ಫೋನ್ ಎತ್ತಿದವರು ಎಲ್ಲ ಹೆಸರು ಹಿಡಿದೇ ಮಾತಾಡಿಸಿದರು. ಸಣ್ಣ ವಿಷಯ ಅನ್ನಿಸಬಹುದು, ಆದರೆ ಗೊತ್ತಿಲ್ಲದ ಊರಿನಲ್ಲಿ ಒಬ್ಬರೇ ಇದ್ದಾಗ ಮನಸ್ಸಿಗೆ ಎಷ್ಟು ಹಿತ ಅಂತ ಅನುಭವಿಸಿದವರಿಗೇ ಗೊತ್ತು. ಒಂದೇ ಒಂದು ಸಲ ಚೆನ್ನಾಗಿ ಉಳಿಯಬೇಕು, ವರ್ಷಪೂರ್ತಿ ತಿರುಗುವುದಿಲ್ಲ ಅನ್ನುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ರಿಟ್ಜ್-ಕಾರ್ಲ್ಟನ್ ಬಗ್ಗೆ ಒಂದು ಮಾತು ಹೋಟೆಲ್ ಕೆಲಸದವರಲ್ಲಿ ಎಲ್ಲರಿಗೂ ಗೊತ್ತು. ಅತಿಥಿಗೆ ಏನಾದರೂ ತೊಂದರೆ ಆದರೆ ಅದನ್ನು ಸರಿಪಡಿಸಲು ಅಲ್ಲಿನ ಪ್ರತಿ ನೌಕರನಿಗೂ, ಹೌಸ್‌ಕೀಪಿಂಗ್‌ನವರಿಗೂ ಸೇರಿ, ಮೇಲಿನವರನ್ನು ಕೇಳದೆ 2,000 ಡಾಲರ್‌ವರೆಗೆ ಖರ್ಚು ಮಾಡುವ ಅಧಿಕಾರ ಕೊಟ್ಟಿದ್ದಾರೆ. ಅಷ್ಟು ಖರ್ಚು ಮಾಡುವ ಸಂದರ್ಭ ಬರುತ್ತದೋ ಇಲ್ಲವೋ, ಅಲ್ಲಿನವರು "ಮ್ಯಾನೇಜರ್ ಹತ್ತಿರ ಕೇಳಿ ಹೇಳುತ್ತೇನೆ" ಅನ್ನುವುದನ್ನು ನಾನು ಕೇಳಿದ್ದೇ ಕಡಿಮೆ. ಲಕ್ಸುರಿ ಅಂದರೆ ನನ್ನ ಮಟ್ಟಿಗೆ ಇದು. ತಪ್ಪು ಎಲ್ಲ ಕಡೆಯೂ ಆಗುತ್ತದೆ. ತಪ್ಪಾದ ಮೇಲೆ ನೀವು ಹೇಳಿದ ಮೊದಲ ವ್ಯಕ್ತಿಯೇ ಅದನ್ನು ಸರಿ ಮಾಡುತ್ತಾನಾ, ಅಥವಾ ಮೂರು ಜನರಿಗೆ ಅದೇ ಕಥೆ ಹೇಳಬೇಕಾ ಅನ್ನುವುದರಲ್ಲಿ ಹೋಟೆಲಿನ ಗುಣ ಗೊತ್ತಾಗುತ್ತದೆ.

ಆದರೆ ಪಾಯಿಂಟ್ಸ್ ಲೆಕ್ಕ ಹಾಕಿಕೊಂಡು ರಿಟ್ಜ್‌ಗೆ ಹೋಗುವವರು ಒಂದು ವಿಷಯ ನೋಡಿಕೊಳ್ಳಬೇಕು. ಮ್ಯಾರಿಯಟ್‌ನ ಸದಸ್ಯತ್ವ ಯೋಜನೆ ಬೋನ್‌ವಾಯ್‌ನಲ್ಲಿ ವರ್ಷಕ್ಕೆ 50 ರಾತ್ರಿ ಕಳೆದು ಪ್ಲಾಟಿನಂ ಅನ್ನುವ ಮೆಟ್ಟಿಲಿಗೆ ಏರಿದರೆ ಬೇರೆ ಎಷ್ಟೋ ಹೋಟೆಲ್‌ಗಳಲ್ಲಿ ಲಾಂಜ್ (ಕೆಲವು ಅತಿಥಿಗಳಿಗೆ ಮಾತ್ರ ಬಿಡುವ, ತಿಂಡಿ-ಪಾನೀಯ ಇಡುವ ಕೋಣೆ) ಸಿಗುತ್ತದೆ, ಬ್ರೇಕ್‌ಫಾಸ್ಟ್ ಸಿಗುತ್ತದೆ. ರಿಟ್ಜ್-ಕಾರ್ಲ್ಟನ್‌ನಲ್ಲಿ ಎರಡೂ ಇಲ್ಲ. ಅಲ್ಲಿನ ಕ್ಲಬ್ ಲಾಂಜ್ ಬೇಕಾದರೆ ಕ್ಲಬ್ ರೂಮನ್ನೇ ಬುಕ್ ಮಾಡಬೇಕು. ಅದೇ ಗುಂಪಿನ ಸೇಂಟ್ ರೀಜಿಸ್‌ನಲ್ಲಿ ಪ್ಲಾಟಿನಂ ಆದವರಿಗೆ ಬ್ರೇಕ್‌ಫಾಸ್ಟ್ ಆರಿಸಿಕೊಳ್ಳುವ ಅವಕಾಶ ಇದೆ, ಜೊತೆಗೆ ಬಟ್ಲರ್ ಸೇವೆ, ಅಂದರೆ ಕರೆದಾಗ ರೂಮಿಗೇ ಬಂದು ಸಣ್ಣಪುಟ್ಟ ಕೆಲಸ ಮಾಡಿಕೊಡುವವರು, ಇದೆ. ಈ ಬಟ್ಲರ್ ಅನ್ನುವುದು ಸುಮ್ನೆ ಹೆಸರಿಗೆ ಅಂದುಕೊಂಡಿದ್ದೆ. ಒಂದು ಸಲ ಮೀಟಿಂಗ್‌ಗೆ ಮುಕ್ಕಾಲು ಗಂಟೆ ಇರುವಾಗ ಸೂಟ್‌ಕೇಸ್ ತೆಗೆದರೆ ಶರ್ಟು ಮುದುಡಿ ಹೋಗಿತ್ತು. ಫೋನ್ ಮಾಡಿದೆ. ಬಂದವರು ಶರ್ಟನ್ನು ತೋಳಿನ ಮೇಲೆ ಮಲಗಿಸಿಕೊಂಡು ಹೋದರು, ಇಪ್ಪತ್ತು ನಿಮಿಷದಲ್ಲಿ ಇಸ್ತ್ರಿ ಮಾಡಿ ಬೆಚ್ಚಗೆ ತಂದುಕೊಟ್ಟರು, ಕಾಲರ್ ಹತ್ತಿರ ಸಡಿಲವಾಗಿದ್ದ ಗುಂಡಿಯನ್ನೂ ಹೊಲಿದಿದ್ದರು. ನಾನು ಗುಂಡಿ ಬಗ್ಗೆ ಹೇಳಿಯೇ ಇರಲಿಲ್ಲ.

ಹಯಾಟ್‌ನ ಕಷ್ಟ ಏನೆಂದರೆ ಬೇರೆಯವರಿಗೆ ಹೋಲಿಸಿದರೆ ಹೋಟೆಲ್ ಸಂಖ್ಯೆ ಕಡಿಮೆ, ಎಲ್ಲ ಊರಲ್ಲೂ ಸಿಗುವುದಿಲ್ಲ. ಆದರೆ ಮೇಲಿನ ಮೆಟ್ಟಿಲಿಗೆ, ಅಂದರೆ 60 ರಾತ್ರಿಯ ಗ್ಲೋಬಲಿಸ್ಟ್‌ಗೆ, ಕೊಟ್ಟ ಮಾತನ್ನು ಚೆನ್ನಾಗಿ ಉಳಿಸಿಕೊಳ್ಳುವವರು ಇವರೇ ಅಂತ ನನ್ನ ಅನುಭವ. ಪಾರ್ಕ್ ಹಯಾಟ್‌ನಲ್ಲೂ ಬ್ರೇಕ್‌ಫಾಸ್ಟ್ ಕೊಡುತ್ತಾರೆ, ಖಾಲಿ ಇದ್ದರೆ ಸ್ಟ್ಯಾಂಡರ್ಡ್ ಸ್ವೀಟ್‌ವರೆಗೂ (ಕೂರಲು ಬೇರೆ ಜಾಗ ಇರುವ ದೊಡ್ಡ ರೂಮು) ಅಪ್‌ಗ್ರೇಡ್ ಮಾಡುತ್ತಾರೆ. ಪಾರ್ಕ್ ಹಯಾಟ್‌ನ ಇನ್ನೊಂದು ಗುಣ ನನಗೆ ಇಷ್ಟ, ಅಲ್ಲಿ ಗದ್ದಲ ಕಡಿಮೆ. ದೊಡ್ಡ ಮದುವೆ, ಸಾವಿರ ಜನರ ಸಮ್ಮೇಳನ ಎಲ್ಲ ಹೆಚ್ಚಾಗಿ ಗ್ರ್ಯಾಂಡ್ ಹಯಾಟ್ ಕಡೆ ಹೋಗುತ್ತವೆ. ಹಿಲ್ಟನ್‌ನಲ್ಲಿ ಕಾನ್ರಾಡ್ ಕೆಲಸದ ಓಡಾಟಕ್ಕೆ ಸರಿ, ವಾಲ್ಡಾರ್ಫ್ ಸ್ವಲ್ಪ ಸಡಗರಕ್ಕೆ ಸರಿ. ಇಂಟರ್‌ಕಾಂಟಿನೆಂಟಲ್ 1946ರಲ್ಲಿ ಪ್ಯಾನ್ ಆಮ್ ವಿಮಾನ ಕಂಪನಿ ತನ್ನ ಪ್ರಯಾಣಿಕರಿಗಾಗಿ ಶುರು ಮಾಡಿದ್ದು. ಅವರ ಅಂಬಾಸಿಡರ್ ಅನ್ನುವ ಸದಸ್ಯತ್ವವನ್ನು ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು. ಅದರಲ್ಲಿ ಸಂಜೆ 4ರವರೆಗೆ ಚೆಕ್-ಔಟ್ ಖಾತ್ರಿ. ರಾತ್ರಿ ವಿಮಾನ ಹಿಡಿಯುವವರಿಗೆ ಇದೊಂದೇ ಸಾಕು.

ಸಮಯದ ವಿಷಯಕ್ಕೆ ಬಂದರೆ ಪೆನಿನ್ಸುಲಾ ಚೈನಿನವರು ಮಾಡಿದ್ದು ನನಗೆ ತುಂಬಾ ಮೆಚ್ಚುಗೆ. ಅವರಲ್ಲಿ ನೇರವಾಗಿ ಬುಕ್ ಮಾಡಿ ಮೊದಲೇ ತಿಳಿಸಿದರೆ ಬೆಳಿಗ್ಗೆ 6ಕ್ಕೇ ರೂಮ್ ಕೊಡುತ್ತಾರೆ, ಹೊರಡುವ ದಿನ ರಾತ್ರಿ 10ರವರೆಗೂ ಇರಬಹುದು. ಉಳಿದ ಕಡೆ ಬಹಳಷ್ಟು ಹೋಟೆಲ್‌ಗಳಲ್ಲಿ ಮಧ್ಯಾಹ್ನ ಮೂರಕ್ಕೆ ಚೆಕ್-ಇನ್, ಹನ್ನೆರಡಕ್ಕೆ ಚೆಕ್-ಔಟ್. ಒಂದು ದಿನದ ಬಾಡಿಗೆ ಕೊಟ್ಟು ಇಪ್ಪತ್ತೊಂದು ಗಂಟೆ ಉಳಿಯುವ ಲೆಕ್ಕ. ರಾತ್ರಿಯೆಲ್ಲ ವಿಮಾನದಲ್ಲಿ ಕುಳಿತು ಬಂದವರು ಬೆಳಿಗ್ಗೆ ಏಳಕ್ಕೆ ಲಾಬಿಯ ಸೋಫಾದಲ್ಲಿ ತೂಕಡಿಸುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಈಗ ರೂಮಿನ ಮಾತು. ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇಲ್ಲಿ.

ದೊಡ್ಡ ನಗರದ ಹೋಟೆಲಿನಲ್ಲಿ ನಾವು ದುಡ್ಡು ಕೊಡುವುದು ಮುಖ್ಯವಾಗಿ ನಿದ್ದೆಗೆ. ಹೊರಗೆ ಇಪ್ಪತ್ನಾಲ್ಕು ಗಂಟೆ ಗಾಡಿ ಓಡುತ್ತವೆ, ಆಂಬುಲೆನ್ಸ್ ಕೂಗುತ್ತದೆ, ಎದುರಿನ ಕಟ್ಟಡದ ಬೋರ್ಡು ರಾತ್ರಿಯಿಡೀ ಹೊಳೆಯುತ್ತದೆ. ಅದೆಲ್ಲದರ ನಡುವೆ ಏಳು ಗಂಟೆ ಕತ್ತಲು, ನಿಶ್ಶಬ್ದ, ತಂಪು ಕೊಡುವವರೇ ಒಳ್ಳೆಯ ಹೋಟೆಲಿನವರು. ಹಾಸಿಗೆ ಈಗ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ. 1999ರಲ್ಲಿ ವೆಸ್ಟಿನ್ ತನ್ನ ಹೆವನ್ಲಿ ಬೆಡ್ ತಂದ ಮೇಲೆ ಉಳಿದವರೂ ಹಾಸಿಗೆಯ ಮೇಲೆ ದುಡ್ಡು ಹಾಕಲೇಬೇಕಾಯಿತು. ಹಾಗಾಗಿ ಹಾಸಿಗೆ ನೋಡಿ ಹೋಟೆಲ್ ಆರಿಸುವ ಕಾಲ ಹೋಯಿತು. ಈಗ ನೋಡಬೇಕಾದ್ದು ಬಾಗಿಲು, ಕಿಟಕಿ, ಏಸಿ.

ಬಾಗಿಲಿನ ಕಥೆ ಆಗಲೇ ಹೇಳಿದೆ. ಕುಟುಂಬದವರಿಗೆ ಎರಡು ರೂಮು ಸೇರಿಸಿ ಕೊಡಲಿ ಅಂತ ಹೋಟೆಲ್‌ಗಳು ಕೆಲವು ರೂಮುಗಳ ನಡುವೆ ಬಾಗಿಲು ಇಟ್ಟಿರುತ್ತವೆ. ಒಳ್ಳೆಯ ಕಡೆ ಎರಡು ಬಾಗಿಲು, ಒಂದರ ಬೆನ್ನಿಗೆ ಒಂದು, ಅಂಚಿಗೆ ರಬ್ಬರ್ ಪಟ್ಟಿ. ಆದರೂ ಗೋಡೆ ಗೋಡೆಯೇ. ಒಬ್ಬರೇ ಹೋಗುವಾಗ "ಕನೆಕ್ಟಿಂಗ್ ಡೋರ್ ಇಲ್ಲದ ರೂಮ್ ಕೊಡಿ" ಅಂತ ಬುಕಿಂಗ್ ಸಮಯದಲ್ಲೇ ಬರೆಯಿರಿ. ಲಿಫ್ಟಿನ ಪಕ್ಕ ಬೇಡ, ಐಸ್ ಮೆಷಿನ್ ಪಕ್ಕ ಬೇಡ, ಹೌಸ್‌ಕೀಪಿಂಗ್‌ನವರು ಟ್ರಾಲಿ ಇಡುವ ರೂಮಿನ ಪಕ್ಕವಂತೂ ಬೇಡವೇ ಬೇಡ, ಬೆಳಿಗ್ಗೆ ಆರಕ್ಕೆ ಅಲ್ಲಿ ಕೆಲಸ ಶುರುವಾಗುತ್ತದೆ. ಮೇಲಿನ ಮಹಡಿ ಒಳ್ಳೆಯದು, ಆದರೆ ತುತ್ತತುದಿಯಲ್ಲಿ ಬಾರ್ ಇದ್ದರೆ ಅದರ ಕೆಳಗಿನ ಮಹಡಿ ಒಳ್ಳೆಯದಲ್ಲ. ಮೂಲೆಯ ರೂಮು ಸಿಕ್ಕರೆ ಬಿಡಬೇಡಿ, ಪಕ್ಕದ ಮನೆ ಒಂದೇ ಕಡೆ ಇರುತ್ತದೆ.

ಏಸಿ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಕೆಲವು ಹಳೆಯ ಕಟ್ಟಡಗಳಲ್ಲಿ ರೂಮುಗಳಿಗೆ ಒಂದೇ ಜೋಡಿ ಪೈಪು ಇರುತ್ತದೆ. ಆ ಪೈಪಿನಲ್ಲಿ ಒಂದು ಕಾಲಕ್ಕೆ ತಣ್ಣೀರಾದರೂ ಹರಿಯಬೇಕು, ಬಿಸಿನೀರಾದರೂ ಹರಿಯಬೇಕು, ಎರಡೂ ಒಟ್ಟಿಗೆ ಆಗುವುದಿಲ್ಲ. ಚಳಿ ಮುಗಿದು ಬಿಸಿಲು ಶುರುವಾಗುವ ತಿಂಗಳಲ್ಲಿ ಹೋದರೆ ಕಟ್ಟಡ ಇನ್ನೂ ಹೀಟಿಂಗ್‌ನಲ್ಲೇ ಇರುತ್ತದೆ. ನೀವು ಗೋಡೆಯ ಬಟನ್ ಒತ್ತಿ 18 ಅಂತ ಇಟ್ಟರೆ ಅದು 18 ಅಂತ ತೋರಿಸುತ್ತದೆ, ರೂಮ್ ಮಾತ್ರ 25ರಲ್ಲೇ ನಿಲ್ಲುತ್ತದೆ. ನಾಲ್ಕು ಪೈಪಿನ ವ್ಯವಸ್ಥೆ ಇರುವ ಕಡೆ ಪ್ರತಿ ರೂಮಿಗೂ ಬೇಕಾದ್ದು ಸಿಗುತ್ತದೆ. ಫೋನ್ ಮಾಡಿ ಪೈಪಿನ ಲೆಕ್ಕ ಕೇಳಬೇಕಿಲ್ಲ, "ಈ ತಿಂಗಳಲ್ಲಿ ರೂಮನ್ನು ತಂಪು ಮಾಡಿಕೊಳ್ಳಲು ಆಗುತ್ತದಾ?" ಅಂತ ಕೇಳಿದರೆ ಸಾಕು. ಸರಿಯಾದ ಉತ್ತರ ಕೊಡುವವರಿಗೆ ತಮ್ಮ ಕಟ್ಟಡ ಗೊತ್ತಿರುತ್ತದೆ.

ರೂಮಿನ ಅಳತೆಯನ್ನೂ ನೋಡಿ. "ಡೀಲಕ್ಸ್", "ಪ್ರೀಮಿಯರ್", "ಸುಪೀರಿಯರ್" ಅನ್ನುವ ಪದಗಳಿಗೆ ಎಲ್ಲರಿಗೂ ಒಪ್ಪುವ ಅರ್ಥ ಇಲ್ಲ. ಒಬ್ಬರ ಡೀಲಕ್ಸ್ ಇನ್ನೊಬ್ಬರಲ್ಲಿ ಎಲ್ಲಕ್ಕಿಂತ ಸಣ್ಣ ರೂಮು. ಚದರ ಮೀಟರ್ ಎಷ್ಟು ಅಂತ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಕೊಟ್ಟಿರುತ್ತಾರೆ. 28 ಚದರ ಮೀಟರ್‌ನಲ್ಲಿ ಇಬ್ಬರು ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗ ಇರುವುದಿಲ್ಲ. 40 ದಾಟಿದರೆ ಆರಾಮ.

ಅಮ್ಮನ ಜೊತೆ ಹೋಗುವಾಗ ನಾನು ನೋಡುವುದೇ ಬೇರೆ. ಅವರಿಗೆ ಮಂಡಿ ನೋವು. ಒಂದು ಸಲ ತುಂಬಾ ಚಂದದ ಹೋಟೆಲ್, ಕಿಟಕಿಯಿಂದ ಇಡೀ ಊರು ಕಾಣುತ್ತಿತ್ತು. ಬಾತ್‌ರೂಮಿಗೆ ಹೋದ ಅಮ್ಮ ಹೊರಗೆ ಬಂದು, "ಇದನ್ನ ಹೇಗಪ್ಪಾ ಹತ್ತೋದು?" ಅಂದರು. ಶವರ್ ಇದ್ದದ್ದು ಬಾತ್‌ಟಬ್ಬಿನ ಒಳಗೆ, ಟಬ್ಬಿನ ಅಂಚು ಅವರ ಮಂಡಿಯ ಮೇಲಕ್ಕೆ ಬರುತ್ತಿತ್ತು, ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ, ನೆಲ ಕನ್ನಡಿಯ ಹಾಗೆ ನುಣುಪು. ಅಂಥ ಜಾಗದಲ್ಲಿ ಕಾಲು ಜಾರಿದರೆ ಏನು ಗತಿ? ರಿಸೆಪ್ಷನ್‌ಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಒಬ್ಬ ಹುಡುಗಿ ಬಂದರು, ಟಬ್ ನೋಡಿದರು, ಅಮ್ಮನ ಕಡೆ ನೋಡಿದರು. "ಅಮ್ಮಾವ್ರಿಗೆ ಇದು ಬೇಡ, ಬನ್ನಿ" ಅನ್ನುವ ಹಾಗೆ ಕೈ ಸನ್ನೆ ಮಾಡಿ ಎರಡು ಮಹಡಿ ಕೆಳಗಿನ ರೂಮಿಗೆ ಕರೆದುಕೊಂಡು ಹೋದರು. ಅಲ್ಲಿ ಶವರ್ ನೆಲಮಟ್ಟಕ್ಕೆ ಇತ್ತು. ತಾವೇ ರಬ್ಬರ್ ಚಾಪೆ ಹಾಸಿ, ಕೂತು ಸ್ನಾನ ಮಾಡಲು ಸ್ಟೂಲ್ ತರಿಸಿ, ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗಿಸಬೇಕು ಅಂತ ಅಮ್ಮನ ಕೈ ಹಿಡಿದು ತೋರಿಸಿದರು. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ಗೋಡೆ. ಅಮ್ಮನಿಗೆ ಅದರ ಗೊಡವೆಯೇ ಇರಲಿಲ್ಲ. ಆ ಹುಡುಗಿಯನ್ನು ಈಗಲೂ ನೆನೆಯುತ್ತಾರೆ.

ವಯಸ್ಸಾದವರ ಜೊತೆ ಹೋಗುವವರು "ವಾಕ್-ಇನ್ ಶವರ್ ಇದೆಯಾ, ಹಿಡಿಕೆ ಇದೆಯಾ" ಅಂತ ಮೊದಲೇ ಕೇಳಿ. ಊರು ಕಾಣುವ ಕಿಟಕಿಗಿಂತ ಅದು ಮುಖ್ಯ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಕಾಣುವ ದರದ ಮೇಲೆ ತೆರಿಗೆ, ಸರ್ವಿಸ್ ಚಾರ್ಜ್ ಬೀಳುತ್ತದೆ, ಕೆಲವು ಊರುಗಳಲ್ಲಿ ಡೆಸ್ಟಿನೇಷನ್ ಫೀ ಅಂತ ಹೋಟೆಲಿನವರೇ ಸೇರಿಸುವ ಇನ್ನೊಂದು. ಅಮೆರಿಕದಲ್ಲಿ 2025ರ ಮೇ ತಿಂಗಳಿಂದ ಇಂಥ ಕಡ್ಡಾಯ ಫೀ ಸೇರಿಸಿಯೇ ದರ ತೋರಿಸಬೇಕು ಅಂತ ನಿಯಮ ಬಂತು. ಎಲ್ಲ ಕಡೆ ಹಾಗಿಲ್ಲ, ಕೊನೆಯ ಪುಟದ ಮೊತ್ತ ನೋಡಿಯೇ ಹೋಲಿಸಿ. ಚೆಕ್-ಇನ್ ಸಮಯದಲ್ಲಿ ಕಾರ್ಡಿನ ಮೇಲೆ ಬಾಡಿಗೆಗಿಂತ ಜಾಸ್ತಿ ಮೊತ್ತ ಹಿಡಿದಿಡುತ್ತಾರೆ. ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡ್ ಆದರೆ ನಿಮ್ಮ ಖಾತೆಯ ದುಡ್ಡೇ ಕೆಲವು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನು ಬೇರೆ ಬುಕಿಂಗ್ ಸೈಟುಗಳಲ್ಲಿ ಸ್ವಲ್ಪ ಕಡಿಮೆಗೆ ಸಿಕ್ಕರೂ ಅಲ್ಲಿ ಮಾಡಿದ ಬುಕಿಂಗ್‌ಗೆ ದೊಡ್ಡ ಚೈನ್‌ಗಳು ಸಾಮಾನ್ಯವಾಗಿ ಪಾಯಿಂಟ್ಸ್ ಕೊಡುವುದಿಲ್ಲ, ನಿಮ್ಮ ಮೆಟ್ಟಿಲಿನ ಸೌಲಭ್ಯವೂ ಸಿಗುವುದು ಖಾತ್ರಿ ಇಲ್ಲ. ನಾನು ಹೋಟೆಲಿನ ಸೈಟಿನಲ್ಲೇ ಮಾಡುತ್ತೇನೆ, ಇಲ್ಲವೇ ವರ್ಚುವೊಸೊ ಥರದ ಪ್ರವಾಸ ಏಜೆಂಟರ ಜಾಲಕ್ಕೆ ಸೇರಿದ ಏಜೆಂಟ್ ಮೂಲಕ. ಅವರ ಮೂಲಕ ಹೋದರೆ ಹೋಟೆಲಿನ ದರದಲ್ಲೇ ಇಬ್ಬರಿಗೆ ಬ್ರೇಕ್‌ಫಾಸ್ಟ್, ಖಾಲಿ ಇದ್ದರೆ ದೊಡ್ಡ ರೂಮು ಸಿಗುತ್ತದೆ. ಪಾಯಿಂಟ್ಸ್ ಇಲ್ಲದ ಫೋರ್ ಸೀಸನ್ಸ್‌ನಂಥ ಕಡೆ ಇದೇ ಒಳ್ಳೆಯ ದಾರಿ.

ಕನ್ಸಿಯರ್ಜ್, ಅಂದರೆ ಅತಿಥಿಗೆ ಊರಿನಲ್ಲಿ ಬೇಕಾದ್ದನ್ನೆಲ್ಲ ಏರ್ಪಾಡು ಮಾಡಿಕೊಡುವ ನೌಕರ, ಅವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಲಾಬಿಯಲ್ಲಿ ಕೆಲವರ ಕೋಟಿನ ಕಾಲರ್ ಮೇಲೆ ಒಂದಕ್ಕೊಂದು ಅಡ್ಡವಾಗಿರುವ ಎರಡು ಚಿನ್ನದ ಬಣ್ಣದ ಕೀಲಿಕೈ ನೋಡಿರಬಹುದು. ಅದು ಲೆ ಕ್ಲೆ ಡೋರ್ ಅನ್ನುವ ಸಂಘದ ಗುರುತು, 1929ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾಗಿದ್ದು. ವರ್ಷಗಟ್ಟಲೆ ಆ ಕೆಲಸ ಮಾಡಿ, ಸಂಘದವರು ಒಪ್ಪಿದ ಮೇಲೆ ಸಿಗುವ ಗುರುತು ಅದು. ಆ ಕೀಲಿಕೈ ಇರುವವರು ಲಾಬಿಯಲ್ಲಿ ಕೂತಿದ್ದರೆ ಆ ಊರು ಅವರ ಅಂಗೈಯಲ್ಲಿದೆ ಅಂತಲೇ ತಿಳಿಯಿರಿ. ಸಂಕೋಚ ಬೇಡ, ಬಾಯಿ ಬಿಟ್ಟು ಕೇಳಿ. ರಾತ್ರಿ ಹನ್ನೊಂದಕ್ಕೆ ನನ್ನ ಕನ್ನಡಕದ ಕಾಲು ಮುರಿದಾಗ ಬೆಳಿಗ್ಗೆ ಎಂಟರೊಳಗೆ ರಿಪೇರಿ ಮಾಡಿಸಿ ಕೊಟ್ಟವರು ಅಂಥ ಒಬ್ಬರು.

ಕಳೆದ ಪ್ರವಾಸಕ್ಕೆ ಎರಡು ಹೋಟೆಲ್ ನಡುವೆ ನಿರ್ಧಾರ ಮಾಡಬೇಕಿತ್ತು. ಒಂದು ಹೊಳೆಯುವ ಹೊಸ ಗೋಪುರ, ಇನ್ನೊಂದು ಹಳೆಯ ಕಟ್ಟಡ. ಇಬ್ಬರಿಗೂ ಒಂದೇ ಪತ್ರ ಬರೆದೆ: ರೂಮ್ ಯಾವಾಗ ಹೊಸದು ಮಾಡಿದ್ದು, ಕನೆಕ್ಟಿಂಗ್ ಬಾಗಿಲು ಇಲ್ಲದ ರೂಮ್ ಇದೆಯಾ, ಬೆಳಿಗ್ಗೆ ಎಂಟಕ್ಕೆ ಬಂದರೆ ರೂಮ್ ಸಿಗುತ್ತದಾ. ಗೋಪುರದವರು ಮೂರು ದಿನ ಬಿಟ್ಟು, "ನಿಮ್ಮ ಕೋರಿಕೆಯನ್ನು ಗಮನಿಸಿದ್ದೇವೆ, ಲಭ್ಯತೆಗೆ ಒಳಪಟ್ಟಿರುತ್ತದೆ" ಅಂತ ಒಂದು ಸಾಲು ಕಳಿಸಿದರು. ಹಳೆಯ ಕಟ್ಟಡದವರು ಅದೇ ದಿನ ಸಂಜೆ ಬರೆದರು. ಮೇಲಿನ ಆರು ಮಹಡಿ ಹೊಸದು ಮಾಡಿದ್ದೇವೆ, ಕೆಳಗಿನವು ಇನ್ನೂ ಆಗಿಲ್ಲ, ನಿಮಗೆ ಮೇಲಿನದೇ ಇಡುತ್ತೇವೆ, ಕಾರಿಡಾರಿನ ಕೊನೆಯ ರೂಮು, ಒಂದೇ ಕಡೆ ಪಕ್ಕದವರು, ಬೆಳಿಗ್ಗೆ ಎಂಟಕ್ಕೆ ಖಾತ್ರಿ ಹೇಳಲಾರೆವು, ಹತ್ತಕ್ಕೆ ಖಂಡಿತ ಕೊಡುತ್ತೇವೆ, ಅಲ್ಲಿಯವರೆಗೆ ಸ್ನಾನಕ್ಕೆ ಜಿಮ್ ಪಕ್ಕದ ಶವರ್ ಇದೆ. ಕೆಳಗೆ ಬರೆದವರ ಹೆಸರು, ಅವರ ನೇರ ಫೋನ್ ನಂಬರ್.

ಅಲ್ಲಿಗೇ ಹೋದೆ. ರೂಮ್ ಒಂಬತ್ತೂವರೆಗೇ ಸಿಕ್ಕಿತು. ರಾತ್ರಿ ಮಲಗಿದಾಗ ಕೇಳಿಸಿದ್ದು ಮಿನಿಬಾರ್ ಫ್ರಿಜ್ಜಿನ ಗುಂಯ್ ಶಬ್ದ ಒಂದೇ. ಫೋನ್ ಮಾಡಿ ಹೇಳಿದೆ, ಬಂದು ಪ್ಲಗ್ ತೆಗೆದು, ಕುಡಿಯುವ ನೀರು ಮಾತ್ರ ಐಸ್ ಪಾತ್ರೆಯಲ್ಲಿಟ್ಟು ಹೋದರು. ಶವರ್ ನೀರಿನ ಒತ್ತಡ ಸ್ವಲ್ಪ ಕಡಿಮೆ, ಅದು ಹಳೆಯ ಕಟ್ಟಡದ ಕೊರತೆ, ಹೇಳಲೇಬೇಕು. ಮುಂದಿನ ತಿಂಗಳು ಮತ್ತೆ ಅದೇ ಊರಿಗೆ ಹೋಗುತ್ತಿದ್ದೇನೆ, ಈ ಸಲ ಅಮ್ಮನೂ ಇರುತ್ತಾರೆ. ಟಬ್ ಇಲ್ಲದ ರೂಮ್ ಬೇಕು ಅಂತ ನಿನ್ನೆ ರಾತ್ರಿ ಬರೆದಿದ್ದೆ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು, ಜೊತೆಗೆ ಆ ಬಾತ್‌ರೂಮಿನ ಫೋಟೋ, ಹಿಡಿಕೆ ಎಲ್ಲಿದೆ ಅಂತ ಬಾಣದ ಗುರುತು ಹಾಕಿ ಕಳಿಸಿದ್ದಾರೆ.